ಒಳಗೆ ಹೋದ ಮೇಲೆ

ಲ್ಯಾಬಿನ ಐಸ್ ಯಂತ್ರ ಕೆಟ್ಟು ಇದು ಮೂರನೇ ದಿನ.
ಬೆಳಿಗ್ಗೆ ಐದೂವರೆಗೆ ಬಂದರಿನ ಧಕ್ಕೆಗೆ ಹೋಗಿ
ಮೀನಿನವರ ಸಾಲಿನಲ್ಲಿ ನಿಂತು
ಥರ್ಮೋಕೋಲ್ ಪೆಟ್ಟಿಗೆ ತುಂಬ ಪುಡಿ ಐಸು ತಂದೆ.
ಸ್ಟೇಟ್‌ಬ್ಯಾಂಕಿನಿಂದ ದೇರಳಕಟ್ಟೆಯವರೆಗೆ
ಬಸ್ಸಿಗೆ ಬಸ್ಸೇ ಮೂಗು ಮುಚ್ಚಿತು.
ಬಂಗುಡೆಯಾ ಬೂತಾಯಿಯಾ, ಕಂಡಕ್ಟರ್ ಕೇಳಿದ.
ಜೀವಕೋಶಕ್ಕೆ, ಎಂದೆ.
ಅವನು ಟಿಕೆಟ್ ಹರಿದು ಕೊಟ್ಟ. ಲಗೇಜಿನದ್ದು ಬೇರೆ.

ಐಸಿನ ಮೇಲೆ ಕೋಶಗಳಿಗೆ ಹೊತ್ತು ಸರಿಯುವುದಿಲ್ಲ.
ಮೈತುಂಬ ಅವಕ್ಕೆ ಬಾಗಿಲುಗಳು.
ಪಠ್ಯಪುಸ್ತಕದಲ್ಲಿ ಅದರ ಹೆಸರು ಗ್ರಾಹಕ;
ಆ ಪದ ಕೇಳಿದಾಗೆಲ್ಲ ನನಗೆ
ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುವವರೇ ಕಣ್ಣಿಗೆ ಬರುತ್ತಾರೆ.
ಬೆಳವಣಿಗೆಯ ಅಂಶಕ್ಕೆ ಹಸಿರು ದೀಪ ಕಟ್ಟಿ ಹನಿಸುತ್ತೇನೆ.
ಹಿಡಿಯುತ್ತವೆ, ಬಿಡುವುದಿಲ್ಲ,
ಆದರೆ ಅಷ್ಟೇ. ಅಂಚಿನಲ್ಲಿ
ಮರಗಟ್ಟಿದ ಒಂದು ಹಸಿರು ಉಂಗುರ.
ಕೇಳಿಸಿದೆ. ಒಳಗಿಳಿದಿಲ್ಲ.

ಆಮೇಲೆ ಮೂವತ್ತೇಳು ಡಿಗ್ರಿ, ಮೈಯ ಬಿಸಿ.

ಎರಡನೇ ನಿಮಿಷಕ್ಕೆ ಪೊರೆಯಲ್ಲಿ ಅಲ್ಲಲ್ಲಿ ಕುಳಿ.
ಮೂರು ಕಾಲಿನ ಪ್ರೋಟೀನುಗಳು ಕಾಲಿಗೆ ಕಾಲು ಹೆಣೆದು
ಅಡಿಯಿಂದ ಬುಟ್ಟಿ ಕಟ್ಟುತ್ತವೆ,
ಕುತ್ತಿಗೆಗೊಂದು ಉರುಳು, ಬಿಗಿದು, ತುಂಡು.
ಬಾಗಿಲೂ ಬಂದವನೂ ಒಟ್ಟಿಗೇ ಒಳಗೆ.
ಹೊರಗೆ ಬರೀ ಗೋಡೆ,
ಇಲ್ಲೊಂದು ಬಾಗಿಲಿತ್ತು ಎನ್ನುವ ಗುರುತೂ ಇಲ್ಲ.

ಬಹುಕಾಲ ನಂಬಿದ್ದು: ಇದು ಬಾಯಿ ಮುಚ್ಚಿಸುವ ಉಪಾಯ,
ಎಳೆದೊಯ್ದು ಕರಗಿಸಿಬಿಡುವುದು.
ಸುಳ್ಳೂ ಅಲ್ಲ. ಕೆಲವಕ್ಕೆ ಬಾಲದಲ್ಲಿ ಚೀಟಿ ಅಂಟಿಸಿ
ಆಮ್ಲದ ಚೀಲಕ್ಕೆ ಕಳಿಸುತ್ತದೆ ಕೋಶ. ಕೆಲವು
ತೊಳೆದಿಟ್ಟ ಖಾಲಿ ಬುಟ್ಟಿಯ ಹಾಗೆ
ಮತ್ತೆ ಅಂಚಿಗೆ ಮರಳುತ್ತವೆ.
ಆದರೆ ನಡುವೆ ಒಂದು ಹೊತ್ತಿದೆ,
ಹದಿನೈದನೇ ನಿಮಿಷ,
ಗುಳ್ಳೆಯೊಳಗೆ ಹಿಡಿದ ಕೈ ಇನ್ನೂ ಬಿಟ್ಟಿಲ್ಲ,
ಬಾಲ ಮಾತ್ರ ಹೊರಗೆ ಕೋಶರಸದಲ್ಲಿ ಚಾಚಿ
ಅಲ್ಲಿಂದಲೇ ಮಾತಾಡುತ್ತಿದೆ,
ಒಬ್ಬರಿಂದೊಬ್ಬರಿಗೆ ದಾಟಿ ನಡುಮನೆಯವರೆಗೆ:
ಬೆಳೆ. ಎರಡಾಗು.

ಒಳಗೆ ಬಿಡದವನ್ನೂ ನೋಡು ಮಾರಾಯ್ತಿ,
ಅಂದರು ಸೆವ್ರಿನ್ ಮೇಡಂ, ಚಾ ಲೋಟ ಹಿಡಿದುಕೊಂಡೇ.
ನೋಡಿದೆ. ಉರುಳು ಬಿಗಿಯದಂತೆ ಮದ್ದು ಹಾಕಿದವು.
ಕುಳಿಯ ಬಾಯಲ್ಲೇ ಸಿಕ್ಕಿಬಿದ್ದ ಹಸಿರು.
ಕೆಲವು ಮಾತು ಅಲ್ಲಿಂದಲೇ ಇನ್ನೂ ಜೋರಾಗುತ್ತದೆ,
ಕೆಲವು ಅರ್ಧಕ್ಕೇ ನಿಲ್ಲುತ್ತದೆ.
ಇನ್ನೊಂದು ತಟ್ಟೆಯಲ್ಲಿ ಗಡ್ಡೆಯ ಕೋಶಗಳು.
ಅಲ್ಲಿಯ ಗ್ರಾಹಕ ಒಳಗೆ ಹೋಗಲೇ ಒಲ್ಲದು,
ಯಾರೂ ಬಾರದಿದ್ದರೂ ಹೊಸ್ತಿಲಲ್ಲೇ ನಿಂತು
ಬೆಳೆ ಬೆಳೆ ಬೆಳೆ ಎಂದು ಕೂಗುತ್ತಿದೆ.
ಸಂಖ್ಯೆ ಬರೆದುಕೊಂಡೆ.
ಯಾರ ಗಡ್ಡೆ ಎಂದು ತಟ್ಟೆಯ ಮೇಲೆ ಬರೆದಿರುವುದಿಲ್ಲ.

ನನಗೆ ಹನ್ನೊಂದು ಇರುವಾಗ, ಇದೇ ಧಕ್ಕೆ.
ಅಮ್ಮ ಬುಟ್ಟಿಗೆ ಮೀನು ಸುರಿಯುತ್ತಿದ್ದಳು.
ಏಲಂ ಮುಗಿಸಿ ರಾಜೀವಿಯಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು;
ಹದಿನೆಂಟು ರೂಪಾಯಿ ತಪ್ಪು, ಎಂದೆ ನಾನು.
ಅವರು ನನ್ನನ್ನೊಮ್ಮೆ ನೋಡಿ, ಅಮ್ಮನ ಕಡೆ ತಿರುಗಿ
'ಇವಳನ್ನು ಇಲ್ಲಿ ನಿಲ್ಲಿಸಬೇಡ' ಅಂದರು.
ಬೈದರೆಂದೇ ತಿಳಿದು ಅತ್ತೆ.
ಮನೆ ಮುಟ್ಟುವಷ್ಟರಲ್ಲಿ ಮರೆತೂ ಬಿಟ್ಟೆ.

ಇವತ್ತು ಐಸಿನ ಸಾಲಿನಲ್ಲಿ ನನ್ನ ಮುಂದೆ ಅವರೇ.
ಗುರುತು ಸಿಗಲಿಲ್ಲ. ಹೇಳಿದ್ದೂ ನೆನಪಿಲ್ಲವಂತೆ.
ಅಂಗೈಯ ಚಿಲ್ಲರೆ ನನ್ನ ಮುಂದೆ ಹಿಡಿದು
'ಕಣ್ಣು ಕಾಣುವುದಿಲ್ಲ ಮಗಾ, ಸರಿ ಉಂಟಾ ನೋಡು' ಅಂದರು.
ಸರಿ ಇತ್ತು.

ಮೂವತ್ತನೇ ನಿಮಿಷ. ಅಂಚು ಪೂರಾ ಕಪ್ಪು.
ಹಸಿರೆಲ್ಲ ಒಳಗೆ, ನಡುವಿಗೆ ಹತ್ತಿರ, ಚುಕ್ಕಿ ಚುಕ್ಕಿ.
ಪೆಟ್ಟಿಗೆಯ ಐಸು ನೀರಾಗಿದೆ.
ಯಾವ ಮೀನಿನದೋ, ಒಂದು ಹುರುಪೆ ಮೇಲೆ ತೇಲುತ್ತಿದೆ.
ಅದನ್ನು ತೊಳೆದು ಗಾಜಿನ ಮೇಲಿಟ್ಟೆ,
ನೋಡುವ, ಎಂದು.